ಸರ್ಟಿಫಿಕೇಟಿನಲ್ಲಿ ಹತ್ತು ಲಕ್ಷ, ಪಾಲಿಸಿಯಲ್ಲಿ ಸೊನ್ನೆ: ಕ್ವೀನ್ಸ್‌ನ ಒಂದು ಛಾವಣಿ ಗುತ್ತಿಗೆಯ ಪ್ರಕರಣ ಅಧ್ಯಯನ

ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ರೂಸ್ವೆಲ್ಟ್ ಅವೆನ್ಯೂ ಉದ್ದಕ್ಕೂ 7ನೇ ನಂಬರಿನ ರೈಲು ತಲೆಯ ಮೇಲೇ ಗುಡುಗುತ್ತ ಹೋಗುತ್ತದೆ. ಅದರ ಕೆಳಗಿನ ಮಳಿಗೆಗಳ ಗಾಜಿನ ಮೇಲೆ ಸ್ಪ್ಯಾನಿಷ್ ಬರಹ: ತೆರಿಗೆ ಲೆಕ್ಕ, ಊರಿಗೆ ಹಣ ರವಾನೆ, ವಿಮೆ. ನಿಘಂಟಿನ ಸ್ಪ್ಯಾನಿಷ್‌ನಲ್ಲಿ ವಿಮೆಗೆ ‘ಸೆಗೂರೊ’ ಎನ್ನುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಲ್ಯಾಟಿನೋ ಕೂಲಿಕಾರರ, ಮೇಸ್ತ್ರಿಗಳ ಬಾಯಲ್ಲಿ ಅದು ಬಹುಮಟ್ಟಿಗೆ ‘ಅಸೆಗುರಾನ್ಸಾ’. ‘ಅಸೆಗುರಾನ್ಸಾ ಇದೆಯಾ?’ ಎಂದು ಕೇಳಿದರೆ ಹೆಚ್ಚಿನವರು ಜೇಬಿನಿಂದ ತೆಗೆದು ತೋರಿಸುವುದು ಪಾಲಿಸಿಯನ್ನಲ್ಲ, ಒಂದೇ ಪುಟದ ಸರ್ಟಿಫಿಕೇಟನ್ನು. ಆ ಒಂದು ಪುಟಕ್ಕೂ ಅದರ ಹಿಂದಿನ ದಪ್ಪ ಪಾಲಿಸಿಗೂ ನಡುವೆ ಇರುವ ಅಂತರವೇ ಈ ಪ್ರಕರಣ.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡತವಲ್ಲ. ಸಣ್ಣ ಛಾವಣಿ ಗುತ್ತಿಗೆದಾರರ ವ್ಯವಹಾರದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಕಡತಕ್ಕೆ ಹೊಲಿದು ಕಟ್ಟಿದ ಮಾದರಿ ಪ್ರಕರಣ. ಗುತ್ತಿಗೆಯ ಮೊತ್ತ, ಪ್ರೀಮಿಯಂ, ರಾಜಿಯ ಮೊತ್ತ ಇವೆಲ್ಲ ಲೆಕ್ಕ ತಿಳಿಯಲೆಂದು ಇಟ್ಟ ಅಂಕಿಗಳು. ಕಾನೂನಿನ ಕಲಂ, ಫಾರಂ ಸಂಖ್ಯೆ, ತೀರ್ಪಿನ ವರ್ಷ ಮಾತ್ರ ಇದ್ದದ್ದು ಇದ್ದ ಹಾಗೆ.

ಕೆಲಸ, ಕರಾರು

ಮಾಲೀಕರು ಈಕ್ವೆಡಾರ್‌ನ ಕ್ವೆಂಕಾ ಕಡೆಯವರು. ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ಛಾವಣಿ ಹಾಕಿ, ಆಮೇಲೆ ಸ್ವಂತ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡವರು. ಸಂಬಳದ ಪಟ್ಟಿಯಲ್ಲಿ ನಾಲ್ಕು ಜನ, ಅದರಲ್ಲಿ ಇಬ್ಬರು ಊರ ಕಡೆಯ ನಂಟರು. ಒಂದು ಪಿಕಪ್, ಒಂದು ಡಂಪ್ ಟ್ರೇಲರ್. ವರ್ಷದ ಸಂಬಳ ಬಟವಾಡೆ 1,80,000 ಡಾಲರ್.

ಜಾಕ್ಸನ್ ಹೈಟ್ಸ್‌ನಲ್ಲಿ ಆರು ಮನೆಗಳ ಒಂದು ಇಟ್ಟಿಗೆ ಕಟ್ಟಡ. 3,200 ಚದರಡಿಯ ಸಪಾಟು ಛಾವಣಿ. ಹಳೆಯ ಎರಡು ಪದರ ಕಿತ್ತು, ಇನ್ಸುಲೇಶನ್ ಹಾಕಿ, ಅದರ ಮೇಲೆ ಎರಡು ಪದರ ಮಾಡಿಫೈಡ್ ಬಿಟುಮೆನ್ (ಡಾಂಬರಿನಂಥ ಹಾಳೆ) ಅಂಟಿಸಬೇಕು. ಬೆಂಕಿಯ ಟಾರ್ಚ್ ಬಳಸದೆ, ತಣ್ಣನೆಯ ಅಂಟಿನಿಂದ. ಇದರ ಒಂದೊಂದು ಸುರುಳಿಯೂ ಸುಮಾರು 45 ಕೆ.ಜಿ. ಭಾರ. ಸುರುಳಿಯೊಂದಕ್ಕೆ 100 ಚದರಡಿ ಎಂದರೂ ಅಂಚಿನ ಮಡಿಕೆ, ವೇಸ್ಟೇಜ್ ಸೇರಿ ಎರಡು ಪದರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸುರುಳಿ ಮೇಲೆ ಏರಬೇಕು. ಗುತ್ತಿಗೆ 84,000 ಡಾಲರ್. ಎಲ್ಲ ಸರಿಯಾಗಿ ನಡೆದರೆ ಕೈಗೆ ಉಳಿಯುವುದು ಹತ್ತು ಸಾವಿರದ ಆಸುಪಾಸು.

ಕಟ್ಟಡದ ಒಡೆಯರದೂ ಒಂದು ಎಲ್‌ಎಲ್‌ಸಿ. ಅವರು ಒಬ್ಬ ಮುಖ್ಯ ಗುತ್ತಿಗೆದಾರನಿಗೆ ಕೆಲಸ ಕೊಟ್ಟರು, ಅವನು ಛಾವಣಿಯನ್ನು ನಮ್ಮ ಮಾಲೀಕರಿಗೆ ಒಳಗುತ್ತಿಗೆ ಕೊಟ್ಟ. ಬಾಯಿಮಾತಿನಲ್ಲೇ ಕೆಲಸ ಶುರುವಾಯಿತು. ಮೂರನೆಯ ದಿನ ಮುಂಗಡದ ಚೆಕ್ಕಿನ ಜೊತೆ ಹನ್ನೊಂದು ಪುಟದ ಕರಾರು ಬಂತು: ಸಹಿ ಹಾಕಿದರೆ ಚೆಕ್. ಸಹಿ ಬಿತ್ತು. ಅದರಲ್ಲಿ ಎರಡು ಕಲಂಗಳು ಈ ಪ್ರಕರಣಕ್ಕೆ ಮುಖ್ಯ. ಒಂದು, ಒಳಗುತ್ತಿಗೆದಾರನ ಕೆಲಸದಿಂದ ಯಾರಿಗೇ ಗಾಯವಾಗಿ ಒಡೆಯರ ಮೇಲೋ ಮುಖ್ಯ ಗುತ್ತಿಗೆದಾರನ ಮೇಲೋ ದಾವೆ ಬಿದ್ದರೆ ಆ ನಷ್ಟವನ್ನು ಒಳಗುತ್ತಿಗೆದಾರ ತುಂಬಿಕೊಡಬೇಕು. ಇನ್ನೊಂದು, ಪ್ರತಿ ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 20 ಲಕ್ಷ ಡಾಲರ್ ಹೊಣೆಗಾರಿಕೆ ವಿಮೆ ಇರಬೇಕು, ಅದರಲ್ಲಿ ಇಬ್ಬರನ್ನೂ ಹೆಚ್ಚುವರಿ ವಿಮಾದಾರರಾಗಿ, ಅಂದರೆ ಅದೇ ಪಾಲಿಸಿಯ ರಕ್ಷಣೆ ಪಡೆಯುವವರಾಗಿ, ಸೇರಿಸಬೇಕು. ನಡೆಯುತ್ತಿರುವ ಕೆಲಸಕ್ಕೆ ಸಿಜಿ 20 10, ಮುಗಿದ ಕೆಲಸಕ್ಕೆ ಸಿಜಿ 20 37 ಫಾರಂ.

ಮಾಲೀಕರು ಆ ಪುಟದ ಫೋಟೋ ತೆಗೆದು ಬ್ರೋಕರ್‌ಗೆ ವಾಟ್ಸಾಪ್ ಮಾಡಿದರು. ಸಂಜೆಯೊಳಗೆ ಸರ್ಟಿಫಿಕೇಟ್ ಬಂತು. ಅದು ಅಕಾರ್ಡ್ 25 ಎಂಬ ಒಂದು ಪುಟದ ನಮೂನೆ. ನಡುವೆ ಚೌಕಗಳಲ್ಲಿ 10 ಲಕ್ಷ, 20 ಲಕ್ಷ, ಹೆಚ್ಚುವರಿ ವಿಮಾದಾರ ಎಂಬ ಕಿರಿದಾದ ಕಾಲಂನಲ್ಲಿ ‘ವೈ’ ಎಂಬ ಒಂದಕ್ಷರ, ಕೆಳಗಿನ ಪೆಟ್ಟಿಗೆಯಲ್ಲಿ ಕಟ್ಟಡದ ವಿಳಾಸ. ಪುಟದ ನೆತ್ತಿಯ ಮೇಲೆ ದೊಡ್ಡಕ್ಷರಗಳಲ್ಲಿ ಇನ್ನೊಂದು ಮಾತೂ ಇರುತ್ತದೆ: ಇದು ಮಾಹಿತಿಗಾಗಿ ಮಾತ್ರ, ಹಿಡಿದವರಿಗೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಅದನ್ನು ಮುಖ್ಯ ಗುತ್ತಿಗೆದಾರನ ಆಫೀಸಿನವರೂ ಓದುವುದಿಲ್ಲ. ಅವರಿಗೆ ಬೇಕಾದದ್ದು ಕಡತಕ್ಕೆ ಒಂದು ಹಾಳೆ.

ಪಾಲಿಸಿ ಕುಗ್ಗಿದ ಬಗೆ

ಮೊದಲ ಎರಡು ವರ್ಷ ಈ ಕಂಪನಿಯ ಪಾಲಿಸಿಯಲ್ಲಿ ಬೇಕಾದದ್ದು ಇತ್ತು. ಮೂರನೆಯ ವರ್ಷ ವಿಮಾ ಕಂಪನಿ ನ್ಯೂಯಾರ್ಕ್‌ನ ಛಾವಣಿ ಕೆಲಸಕ್ಕೆ ವಿಮೆ ಬರೆಯುವುದನ್ನೇ ಬಿಟ್ಟಿತು. ಬ್ರೋಕರ್ ‘ಎಕ್ಸೆಸ್ ಲೈನ್’ ಮಾರುಕಟ್ಟೆಗೆ ಹೋದರು. ಅಂದರೆ ರಾಜ್ಯದ ಪರವಾನಗಿ ಇಲ್ಲದ ಕಂಪನಿಗಳಿಂದ ಕೊಳ್ಳುವ ದಾರಿ. ಅದು ಕಾನೂನುಬಾಹಿರವೇನಲ್ಲ. ಪರವಾನಗಿ ಇರುವ ಮೂರು ಕಂಪನಿಗಳು ಒಲ್ಲೆ ಎಂದದ್ದನ್ನು ದಾಖಲಿಸಿ, ಪ್ರೀಮಿಯಂ ಮೇಲೆ ಶೇ 3.6 ತೆರಿಗೆ ಕಟ್ಟಿ, ಎಕ್ಸೆಸ್ ಲೈನ್ ಪರವಾನಗಿಯ ಬ್ರೋಕರ್ ಮೂಲಕವೇ ಕೊಳ್ಳಬೇಕು. ಕಂಪನಿ ಮುಳುಗಿದರೆ ರಾಜ್ಯದ ಭದ್ರತಾ ನಿಧಿಯಿಂದ ಕಾಸು ಸಿಗುವುದಿಲ್ಲ ಎಂಬ ಎಚ್ಚರಿಕೆಯೂ ಪಾಲಿಸಿಯ ಮೇಲೇ ಇರುತ್ತದೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ: ಆ ಮಾರುಕಟ್ಟೆಯ ಕಂಪನಿಗಳು ಪಾಲಿಸಿಯ ಒಕ್ಕಣೆಯನ್ನು ತಮಗೆ ಬೇಕಾದಂತೆ ಬರೆದುಕೊಳ್ಳಬಹುದು.

ಬೇಕಾದಂತೆ ಬರೆದುಕೊಂಡದ್ದು ಹೇಗಿರುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯ ಹೊಣೆಗಾರಿಕೆ ಪಾಲಿಸಿಯ ಪ್ರಮಾಣಿತ ನಮೂನೆ ಸಿಜಿ 00 01. ಅದರ ಹೊರಗಿಡುವ ಕಲಂಗಳಲ್ಲಿ ‘ಇ’ ಎಂಬುದು ಉದ್ಯೋಗದಾತನ ಹೊಣೆಯ ಕುರಿತದ್ದು. ನಿಮ್ಮ ನೌಕರನಿಗೆ ಕೆಲಸದ ಮೇಲೆ ಗಾಯವಾದರೆ ಈ ಪಾಲಿಸಿ ಕೊಡುವುದಿಲ್ಲ, ಅದಕ್ಕೆ ವರ್ಕರ್ಸ್ ಕಾಂಪೆನ್ಸೇಶನ್ ಪಾಲಿಸಿ ಇದೆ ಎಂಬುದು ಅದರ ಭಾವ. ಬೇರೆ ಯಾರೋ ಆ ನೌಕರನಿಗೆ ಪರಿಹಾರ ಕೊಟ್ಟು ನಿಮ್ಮಿಂದ ವಸೂಲಿಗೆ ಬಂದರೂ ಇದೇ ನಿಯಮ. ಕೊನೆಯಲ್ಲಿ ಒಂದು ಪುಟ್ಟ ವಾಕ್ಯ: ವಿಮೆಗೊಳಪಟ್ಟ ಕರಾರಿನಡಿ ನೀವು ಹೊತ್ತುಕೊಂಡ ಹೊಣೆಗೆ ಈ ಕಲಂ ಅನ್ವಯಿಸದು. ಒಳಗುತ್ತಿಗೆದಾರನ ಬದುಕು ನಿಂತಿರುವುದು ಆ ವಾಕ್ಯದ ಮೇಲೆ. ಮುಖ್ಯ ಗುತ್ತಿಗೆದಾರನ ನಷ್ಟ ತುಂಬಿಕೊಡುತ್ತೇನೆ ಎಂದು ಬರೆದುಕೊಟ್ಟ ಮಾತಿಗೆ ವಿಮಾ ಕಂಪನಿ ಹಣ ಕೊಡುವುದು ಅದರಿಂದಲೇ.

ಹೊಸ ಪಾಲಿಸಿಯ 31ನೇ ಪುಟದ ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಲಗತ್ತಿಸಿದ ತಿದ್ದುಪಡಿ) ಕಲಂ ‘ಇ’ಯನ್ನು ‘ಈ ಕೆಳಗಿನಂತೆ ಬದಲಿಸಲಾಗಿದೆ’ ಎಂದು ಶುರುವಾಗಿ ಹಳೆಯ ಕಲಮನ್ನೇ ಪದಕ್ಕೆ ಪದ ಮತ್ತೆ ಅಚ್ಚು ಹಾಕಿತ್ತು. ಆ ಕೊನೆಯ ವಾಕ್ಯ ಮಾತ್ರ ಇರಲಿಲ್ಲ. ಎಲ್ಲಿಯೂ ‘ಇದನ್ನು ತೆಗೆದಿದ್ದೇವೆ’ ಎಂದು ಬರೆದಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದುವವರಿಗೆ ಮಾತ್ರ ಗೊತ್ತಾಗುವ ಸಂಗತಿ. ಕಸುಬಿನವರು ಇದನ್ನು ‘ಆಕ್ಷನ್ ಓವರ್ ಎಕ್ಸ್‌ಕ್ಲೂಶನ್’ ಎನ್ನುತ್ತಾರೆ, ಆದರೆ ಪಾಲಿಸಿಯಲ್ಲಿ ಆ ಹೆಸರು ಇರಲೇಬೇಕೆಂದಿಲ್ಲ. ‘ನೌಕರರ ಗಾಯ’ ಎಂಬ ತಲೆಬರಹ ಇರಬಹುದು, ಬರೀ ‘ತಿದ್ದುಪಡಿ’ ಎಂದೂ ಇರಬಹುದು.

ಅದೊಂದೇ ಅಲ್ಲ. ವರ್ಗೀಕರಣದ ಮಿತಿ ಎಂಬ ಪುಟವೂ ಇತ್ತು: ಮೊದಲ ಪುಟದಲ್ಲಿ ನಮೂದಿಸಿದ ವರ್ಗದ ಕೆಲಸಕ್ಕೆ ಮಾತ್ರ ವಿಮೆ. ಪ್ರೀಮಿಯಂ ಕಡಿಮೆಯಾಗಲೆಂದು ಕೆಲವು ಬ್ರೋಕರ್‌ಗಳು ಛಾವಣಿಯವರನ್ನು ಬಡಗಿಯ ವರ್ಗ 91340ಕ್ಕೆ ಸೇರಿಸಿಬಿಡುತ್ತಾರೆ. ವಸತಿ ಕಟ್ಟಡಗಳ ಛಾವಣಿಯ ವರ್ಗ 98678, ಅದರ ದರ ಎಷ್ಟೋ ಪಾಲು ಹೆಚ್ಚು. ಬಡಗಿ ಎಂದು ಬರೆಸಿದವರು ಛಾವಣಿಯಿಂದ ಬಿದ್ದರೆ ಆ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದುಹೋಗುತ್ತದೆ. ನಮ್ಮ ಮಾಲೀಕರ ವರ್ಗ ಸರಿಯಾಗಿಯೇ ಇತ್ತು, ಈ ಒಂದು ಗಂಡಾಂತರ ತಪ್ಪಿತ್ತು. ಒಳಗುತ್ತಿಗೆದಾರರ ವಾರಂಟಿ (ತಾನು ಕೆಲಸ ಕೊಡುವ ಒಳಗುತ್ತಿಗೆದಾರರಿಗೂ ವಿಮೆ ಇರಬೇಕೆಂಬ ಷರತ್ತು), ತೆರೆದ ಛಾವಣಿಗೆ ಮಳೆ ನುಗ್ಗಿದ ಹಾನಿಯ ಹೊರತು, ಇತರ ಗುತ್ತಿಗೆದಾರರ ನೌಕರರಿಗಾದ ಗಾಯದ ಹೊರತು, ಎಲ್ಲವೂ ಸಾಲಾಗಿ ಇದ್ದವು. ಇವೆಲ್ಲ ಇದ್ದೂ ಸರ್ಟಿಫಿಕೇಟಿನಲ್ಲಿ ಕಾಣುವುದು 10 ಲಕ್ಷ, 20 ಲಕ್ಷ. ಪಾಲಿಸಿಯ ಮಿತಿ ಒಂದು ಕಾಸೂ ಇಳಿಯುವುದಿಲ್ಲ. ವಿಮೆ ಕುಗ್ಗುವುದು ಅಂಕಿಯಲ್ಲಲ್ಲ, ಪುಟಗಳಲ್ಲಿ.

ಏಣಿ ಜಾರಿತು

ಕಟ್ಟಡದ ಹಿಂಬದಿಯಲ್ಲಿ ಒಂದು ತಗ್ಗಿನ ಚಾಚು ಛಾವಣಿ. ಅಲ್ಲಿಂದ ಮೇಲಿನ ಛಾವಣಿಗೆ 12 ಅಡಿ. ಅಲ್ಯೂಮಿನಿಯಂ ಏಣಿ ಒರಗಿಸಿ ನೌಕರರೊಬ್ಬರು ಹತ್ತುತ್ತಿದ್ದರು. ಹಳೆಯ ಪದರ ಕಿತ್ತಾಗ ಉದುರಿದ ಮರಳಿನಂಥ ಹರಳು ಏಣಿಯ ಕಾಲಡಿಯಲ್ಲಿ ಹಾಗೇ ಇತ್ತು. ಏಣಿಯ ತಲೆ ಮೂರು ಅಡಿ ಮೇಲಕ್ಕೆ ಚಾಚಿರಬೇಕು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ನಿಯಮ, ಚಾಚಿಯೂ ಇತ್ತು. ಆದರೆ ತಲೆಯನ್ನು ಹಗ್ಗದಿಂದ ಬಿಗಿದಿರಲಿಲ್ಲ, ಕೆಳಗೆ ಯಾರೂ ಹಿಡಿದಿರಲಿಲ್ಲ. ಕಾಲು ಜಾರಿತು. ಹಿಮ್ಮಡಿಯ ಮೂಳೆ ಪುಡಿ, ಸೊಂಟದ ಒಂದು ಕಶೇರು ಬಿರುಕು. ಎರಡು ಶಸ್ತ್ರಚಿಕಿತ್ಸೆ.

ವರ್ಕರ್ಸ್ ಕಾಂಪೆನ್ಸೇಶನ್ ಪಾಲಿಸಿ ರಾಜ್ಯದ ವಿಮಾ ನಿಧಿಯಲ್ಲಿತ್ತು. ಆಸ್ಪತ್ರೆಯ ಖರ್ಚು, ವಾರದ ಭತ್ಯೆ ಸಲೀಸಾಗಿ ಬಂದವು. ಮಾಲೀಕರ ಪಾಲಿಗೆ ಕತೆ ಅಲ್ಲಿಗೆ ಮುಗಿದಿತ್ತು. ಕಾಂಪೆನ್ಸೇಶನ್ ಪಡೆದ ನೌಕರ ತನ್ನ ಧಣಿಯ ಮೇಲೆ ದಾವೆ ಹೂಡುವಂತಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು, ಅದು ಸರಿಯೂ ಹೌದು. ಆದರೆ ಧಣಿಯನ್ನು ಬಿಟ್ಟು ಉಳಿದವರ ಮೇಲೆ ಹೂಡಬಹುದು. ಅದಕ್ಕೆ ಮೂರು ವರ್ಷ ಕಾಲಾವಕಾಶ. ದಾವೆ ಬಂದದ್ದು 26ನೇ ತಿಂಗಳಲ್ಲಿ.

ನ್ಯೂಯಾರ್ಕ್ ಕಾರ್ಮಿಕ ಕಾನೂನಿನ 240(1)ನೇ ಕಲಮನ್ನು ಜನ ‘ಸ್ಕ್ಯಾಫೋಲ್ಡ್ ಲಾ’ ಎನ್ನುತ್ತಾರೆ, ಸಾರವೆ ಕಾನೂನು. ಅದರ ಬೇರು 1885ರಲ್ಲಿದೆ. ಎತ್ತರದ ಕೆಲಸದಲ್ಲಿ ಸರಿಯಾದ ಏಣಿ, ಸಾರವೆ, ಹಗ್ಗ ಒದಗಿಸದೆ ಯಾರಾದರೂ ಬಿದ್ದರೆ ಕಟ್ಟಡದ ಒಡೆಯ, ಮುಖ್ಯ ಗುತ್ತಿಗೆದಾರ ಪೂರ್ತಿ ಹೊಣೆ. ಬಿದ್ದವನದೂ ಅರ್ಧ ತಪ್ಪಿತ್ತು ಎಂದು ಪರಿಹಾರ ಕಡಿಮೆ ಮಾಡಿಸುವಂತಿಲ್ಲ. ಒದಗಿಸಿದ್ದನ್ನು ಬಳಸದೆ ತನ್ನ ತಪ್ಪೊಂದರಿಂದಲೇ ಬಿದ್ದ ಎಂದು ತೋರಿಸಿದರೆ ಮಾತ್ರ ಬಿಡುಗಡೆ. 2003ರ ಒಂದು ತೀರ್ಪು ಈ ಕಿಂಡಿಯನ್ನು ಸ್ಪಷ್ಟಪಡಿಸಿತು. ಇಂಥದೇ ಕಾನೂನು ಇದ್ದ ಇಲಿನಾಯ್ 1995ರಲ್ಲಿ ಅದನ್ನು ರದ್ದು ಮಾಡಿದ ಮೇಲೆ ಈ ಕಟ್ಟುನಿಟ್ಟು ಉಳಿದಿರುವುದು ನ್ಯೂಯಾರ್ಕ್ ಒಂದರಲ್ಲೇ. ಒಂದು, ಎರಡು ಕುಟುಂಬದ ಮನೆಯ ಒಡೆಯರು ಕೆಲಸವನ್ನು ತಾವೇ ನಿಂತು ನಡೆಸದಿದ್ದರೆ ಅವರಿಗೆ ವಿನಾಯಿತಿ ಇದೆ. ಮೂರು ಕುಟುಂಬದ ಮನೆಗೆ ಇಲ್ಲ. ಬಾಡಿಗೆಗೆಂದು ಅಲ್ಲಿ ಮೂರು ಮನೆಯ ಕಟ್ಟಡ ಕೊಂಡಿಟ್ಟಿರುವ ನಮ್ಮವರೂ ಇದನ್ನು ಗಮನಿಸಬೇಕು. ಆರು ಮನೆಯ ಕಟ್ಟಡಕ್ಕಂತೂ ಪ್ರಶ್ನೆಯೇ ಇಲ್ಲ.

ಏಣಿ ಬಿಗಿದಿರಲಿಲ್ಲ ಎಂಬುದಷ್ಟೇ ಸಾಕಾಯಿತು. ವಿಚಾರಣೆಗೆ ಮೊದಲೇ ನ್ಯಾಯಾಧೀಶರು ಹೊಣೆಯನ್ನು ಒಡೆಯರ, ಮುಖ್ಯ ಗುತ್ತಿಗೆದಾರನ ಮೇಲೆ ಹೊರಿಸಿದರು. ಆ ದಿನದಿಂದಲೇ ವರ್ಷಕ್ಕೆ ಶೇ 9ರ ಬಡ್ಡಿ ಓಡತೊಡಗುತ್ತದೆ. ಪರಿಹಾರದ ಮೊತ್ತ ಎರಡು ವರ್ಷ ಬಿಟ್ಟು ತೀರ್ಮಾನವಾದರೂ ಬಡ್ಡಿಯ ಗಡಿಯಾರ ಇಲ್ಲಿಂದಲೇ. ಆದ್ದರಿಂದ ಯಾರಿಗೂ ಎಳೆದಾಡುವ ಉಮೇದು ಇರುವುದಿಲ್ಲ.

ಅವರಿಬ್ಬರೂ ಕರಾರನ್ನು ಹಿಡಿದು ನಮ್ಮ ಮಾಲೀಕರತ್ತ ತಿರುಗಿದರು. ಈ ತಿರುವಿಗೇ ಆಕ್ಷನ್ ಓವರ್ ಎಂದು ಹೆಸರು.

ಅಡಕತ್ತರಿ

ವರ್ಕರ್ಸ್ ಕಾಂಪೆನ್ಸೇಶನ್ ಕಾನೂನಿನ 11ನೇ ಕಲಂ 1996ರ ತಿದ್ದುಪಡಿಯ ನಂತರ ಉದ್ಯೋಗದಾತನಿಗೆ ಒಂದು ಬೇಲಿ ಹಾಕಿಕೊಟ್ಟಿದೆ. ಮೂರನೆಯವರು ಅವನ ಮೇಲೆ ವಸೂಲಿಗೆ ಬರಬೇಕಾದರೆ ಎರಡರಲ್ಲಿ ಒಂದಿರಬೇಕು. ನೌಕರನಿಗೆ ಆದದ್ದು ‘ಘೋರ ಗಾಯ’ವಾಗಿರಬೇಕು, ಇಲ್ಲವೇ ಅಪಘಾತಕ್ಕೆ ಮೊದಲು ನಷ್ಟ ತುಂಬುವ ಲಿಖಿತ ಕರಾರು ಆಗಿರಬೇಕು. ಘೋರ ಗಾಯದ ಪಟ್ಟಿ ಕಾನೂನಿನಲ್ಲೇ ಇದೆ. ಸಾವು, ಕೈಕಾಲು ಕಳೆದುಕೊಳ್ಳುವುದು, ಪಾರ್ಶ್ವವಾಯು, ಪೂರ್ತಿ ಕುರುಡು, ಪೂರ್ತಿ ಕಿವುಡು, ತೋರುಬೆರಳಿನ ನಷ್ಟ ಹೀಗೆ. ತೋರುಬೆರಳು ಹೋದರೆ ಅದು ಘೋರ, ಹಿಮ್ಮಡಿ ಪುಡಿಯಾಗಿ ಜೀವನವಿಡೀ ಕುಂಟಿದರೆ ಅಲ್ಲ. ಓದಿದವರಿಗೆ ವಿಚಿತ್ರವೆನಿಸುತ್ತದೆ, ಆದರೆ ಕಾನೂನು ಹಾಗಿದೆ.

ಅಂದರೆ ಮೂರನೆಯ ದಿನ ಚೆಕ್ಕಿಗಾಗಿ ಹಾಕಿದ ಆ ಸಹಿ ಇಲ್ಲದಿದ್ದರೆ ಮಾಲೀಕರು ಬೇಲಿಯೊಳಗೆ ಸುರಕ್ಷಿತ. ಸಹಿ ಬೇಲಿಯನ್ನು ತೆಗೆಯಿತು. ಈಗ ಅವರ ಎರಡು ಪಾಲಿಸಿಗಳನ್ನು ನೋಡಿ. ಕಾಂಪೆನ್ಸೇಶನ್ ಪಾಲಿಸಿಯ ಎರಡನೇ ಭಾಗ ಉದ್ಯೋಗದಾತನ ಹೊಣೆಯನ್ನು ಹೊರುತ್ತದೆ, ನ್ಯೂಯಾರ್ಕ್‌ನಲ್ಲಿ ಘೋರ ಗಾಯಕ್ಕೆ ಮಿತಿಯೇ ಇಲ್ಲದೆ ಹೊರುತ್ತದೆ. ಆದರೆ ಕರಾರಿನಿಂದ ಮೈಮೇಲೆ ಎಳೆದುಕೊಂಡ ಹೊಣೆ ಅದರಲ್ಲಿ ಇಲ್ಲ. ಅದಿರಬೇಕಾದದ್ದು ಸಾಮಾನ್ಯ ಹೊಣೆಗಾರಿಕೆ ಪಾಲಿಸಿಯಲ್ಲಿ. ಅಲ್ಲಿ 31ನೇ ಪುಟ. ಎರಡು ಅಲಗಿನ ನಡುವೆ ಸಿಕ್ಕ ಅಡಕೆಯ ಪಾಡು.

ವಿಮಾ ಕಂಪನಿಯ ನಿರಾಕರಣೆ ಪತ್ರ 17ನೇ ದಿನಕ್ಕೆ ಬಂತು. ಈ ದಿನಗಳ ಎಣಿಕೆಯನ್ನು ಯಾವ ವಕೀಲರೂ ಮೊದಲು ನೋಡುತ್ತಾರೆ. ದೈಹಿಕ ಗಾಯದ ಕ್ಲೇಮನ್ನು ಹೊರಗಿಡುವ ಕಲಂ ತೋರಿಸಿ ನಿರಾಕರಿಸುವುದಾದರೆ ಸಾಧ್ಯವಾದಷ್ಟು ಬೇಗ ಲಿಖಿತವಾಗಿ ತಿಳಿಸಬೇಕು ಎನ್ನುತ್ತದೆ ವಿಮಾ ಕಾನೂನಿನ 3420(ಡಿ)(2). ಕಾರಣ ಪಾಲಿಸಿಯಲ್ಲೇ ಎದ್ದುಕಾಣುವಾಗ ಎರಡು ಮೂರು ತಿಂಗಳು ಕೂತರೆ ಕಂಪನಿ ಆ ಹಕ್ಕನ್ನೇ ಕಳೆದುಕೊಳ್ಳಬಹುದು. ಹದಿನೇಳು ದಿನಕ್ಕೆ ಆ ವಾದ ನಿಲ್ಲಲಿಲ್ಲ. ಇನ್ನೊಂದು ಮಾತು: ಅಗ್ಗವೆಂದು ಅನೇಕ ಸಣ್ಣ ಗುತ್ತಿಗೆದಾರರು ಬೇರೆ ರಾಜ್ಯದಲ್ಲಿ ನೋಂದಾಯಿತ ರಿಸ್ಕ್ ರಿಟೆನ್ಶನ್ ಗ್ರೂಪ್‌ಗಳಿಂದ (ಒಂದೇ ಕಸುಬಿನವರು ಸೇರಿ ತಮಗೆ ತಾವೇ ವಿಮೆ ಮಾಡಿಕೊಳ್ಳುವ ಸಂಸ್ಥೆಗಳಿಂದ) ಪಾಲಿಸಿ ಕೊಳ್ಳುತ್ತಾರೆ. ಅವಕ್ಕೆ ಈ ನಿಯಮ ಅನ್ವಯಿಸದು ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 2019ರಲ್ಲಿ ಹೇಳಿದೆ.

ಹೆಚ್ಚುವರಿ ವಿಮಾದಾರರೆಂದು ಮುಖ್ಯ ಗುತ್ತಿಗೆದಾರ ಅದೇ ಕಂಪನಿಗೆ ಬರೆದ. ಅವನಿಗೂ ಅದೇ ಪುಟ ತೋರಿಸಿದರು. ಕಟ್ಟಡದ ಒಡೆಯರಿಗೆ ಇನ್ನೊಂದು ತೊಡಕು. ‘ನೀವು ಯಾರೊಂದಿಗೆ ಲಿಖಿತ ಕರಾರು ಮಾಡಿಕೊಂಡಿದ್ದೀರೋ ಅವರು’ ಎಂಬ ಒಕ್ಕಣೆಯ ಎಂಡೋರ್ಸ್‌ಮೆಂಟ್‌ಗೆ ನೇರ ಕರಾರೇ ಬೇಕು ಎಂದು 2018ರ ತೀರ್ಪು ಇದೆ. ಒಡೆಯರ ಕರಾರು ಮುಖ್ಯ ಗುತ್ತಿಗೆದಾರನ ಜೊತೆ, ನಮ್ಮ ಮಾಲೀಕರ ಜೊತೆ ಅಲ್ಲ. ಇಷ್ಟಾದ ಮೇಲೆ ‘ಹೇಳಿದ ವಿಮೆ ತರಲಿಲ್ಲ’ ಎಂಬ ಪ್ರತ್ಯೇಕ ಆರೋಪವೂ ಸೇರಿತು. ಅದರಲ್ಲಿ ಒಂದು ಸಮಾಧಾನ ಉಂಟು: ದೂರುದಾರನಿಗೆ ತನ್ನದೇ ವಿಮೆ ಇದ್ದು ಅದು ಹಣ ಕೊಟ್ಟಿದ್ದರೆ, ಪ್ರೀಮಿಯಂ, ಡಿಡಕ್ಟಿಬಲ್ (ಕ್ಲೇಮಿನಲ್ಲಿ ವಿಮೆ ಪಡೆದವರೇ ಭರಿಸುವ ಪಾಲು), ಮುಂದಿನ ಪ್ರೀಮಿಯಂ ಏರಿಕೆಯಂಥ ಕೈಯಿಂದ ಹೋದದ್ದಷ್ಟೇ ಸಿಗುತ್ತದೆ. ಅದು 2001ರ ತೀರ್ಪು.

ನೌಕರರ ದಾವೆ 11,50,000 ಡಾಲರ್‌ಗೆ ರಾಜಿಯಾಯಿತು. ಒಡೆಯರ, ಮುಖ್ಯ ಗುತ್ತಿಗೆದಾರನ ವಿಮಾ ಕಂಪನಿಗಳು ಕೊಟ್ಟು, ಕರಾರಿನ ಮೇಲೆ ವಸೂಲಿಗೆ ನಿಂತವು. ನಮ್ಮ ಮಾಲೀಕರ ಎಲ್‌ಎಲ್‌ಸಿಯಲ್ಲಿ ಇದ್ದದ್ದು ಪಿಕಪ್, ಟ್ರೇಲರ್, ಬರಬೇಕಾದ ಕೆಲವು ಬಿಲ್ಲು. ಇಲ್ಲದವನಿಂದ ಏನು ಕಿತ್ತಾರು ಎಂಬ ಲೆಕ್ಕಾಚಾರದ ಮೇಲೆ 1,40,000ಕ್ಕೆ ಇತ್ಯರ್ಥವಾಯಿತು: 50,000 ಮುಂಗಡ, ಉಳಿದದ್ದು ತಿಂಗಳಿಗೆ 2,500ರಂತೆ 36 ಕಂತು. ವಿಮಾ ಕಂಪನಿ ವಕೀಲರನ್ನೂ ಕೊಡಲಿಲ್ಲವಾದ್ದರಿಂದ ಅದರ ಖರ್ಚು 42,000 ಬೇರೆ. ಹತ್ತು ಸಾವಿರ ಲಾಭದ ಕೆಲಸ.

ಯಾರ ತಪ್ಪು

ವಿಮೆಯವರನ್ನು ಕೇಳಿದರೆ ಸಾರವೆ ಕಾನೂನಿನತ್ತ ಕೈ ತೋರುತ್ತಾರೆ. ಹೊಣೆಗೆ ಮಿತಿಯಿಲ್ಲದ ಕಡೆ ವಿಮೆ ಬರೆಯುವುದು ಹೇಗೆ ಎಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದೆ ಇಲ್ಲ, ಬೇರೆ ರಾಜ್ಯಗಳಿಗಿಂತ ನ್ಯೂಯಾರ್ಕ್‌ನಲ್ಲಿ ಪ್ರೀಮಿಯಂ ಎಷ್ಟೋ ಹೆಚ್ಚು. ಕಾರ್ಮಿಕ ಸಂಘಗಳವರು ಇದನ್ನು ಒಪ್ಪುವುದಿಲ್ಲ. ಬೀಳುವವರು ಯಾರೆಂದು ನೋಡಿ ಎನ್ನುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2022ರಲ್ಲಿ ಕೆಲಸದ ಮೇಲೆ ಸತ್ತವರು 5,486 ಜನ, ಅವರಲ್ಲಿ 1,248 ಮಂದಿ ಲ್ಯಾಟಿನೋಗಳು. ಲಕ್ಷ ಪೂರ್ಣಾವಧಿ ಕೆಲಸಗಾರರಿಗೆ ಎಲ್ಲರ ದರ 3.7, ಲ್ಯಾಟಿನೋಗಳದು 4.6. ಮ್ಯಾನ್‌ಹ್ಯಾಟನ್‌ನ ಒಂದು ಕಂದಕ ಕುಸಿದು 2015ರಲ್ಲಿ ಸತ್ತ ಈಕ್ವೆಡಾರ್‌ನ 22ರ ಯುವಕ ಕಾರ್ಲೋಸ್ ಮೊಂಕಾಯೊ ಹೆಸರಿನಲ್ಲಿ 2022ರ ಡಿಸೆಂಬರ್‌ನಲ್ಲಿ ರಾಜ್ಯ ಒಂದು ಕಾನೂನನ್ನೇ ತಂದು ಕಂಪನಿಗಳ ಮೇಲಿನ ದಂಡವನ್ನು 5 ಲಕ್ಷ ಡಾಲರ್‌ವರೆಗೆ ಏರಿಸಿತು. ಕಾಗದಪತ್ರ ಇಲ್ಲದ ವಲಸಿಗನೂ ಈ ದಾವೆಗಳಲ್ಲಿ ಕಳೆದುಕೊಂಡ ಕೂಲಿ ಪಡೆಯಬಹುದು ಎಂದು 2006ರಲ್ಲೇ ತೀರ್ಪಾಗಿದೆ.

ಈ ಪ್ರಕರಣದಲ್ಲಿ ಬಿದ್ದವರೂ ಮುಳುಗಿದವರೂ ಒಂದೇ ಊರಿನವರು. ಆದ್ದರಿಂದ ‘ಕಾನೂನು ತೆಗೆದರೆ ಲ್ಯಾಟಿನೋ ವ್ಯಾಪಾರಿ ಉಳಿಯುತ್ತಾನೆ’ ಎಂಬ ಮಾತು ನಮಗೆ ಅರ್ಧ ಸತ್ಯವಾಗಿ ಕಾಣುತ್ತದೆ. ಅಪಾಯ ಹೆಚ್ಚಿದ್ದರೆ ದರ ಹೆಚ್ಚು ಕೇಳಲಿ. ಛಾವಣಿಯವನಿಗೆ ಬೀಳುವ ಅಪಾಯವನ್ನೇ ಕಿತ್ತು ಉಳಿದದ್ದನ್ನು ಏರಿದ ಬೆಲೆಗೆ ಮಾರುವುದು ಬೇರೆ ವ್ಯವಹಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ: ದೊಡ್ಡ ಕಟ್ಟಡಗಳ ದೊಡ್ಡ ದಾವೆಗಳ ಬಿಸಿ ತಟ್ಟುವುದು ಸರಪಳಿಯ ಕೊನೆಯ ಒಳಗುತ್ತಿಗೆದಾರನಿಗೆ.

ಆ ಕೊನೆಯ ಕೊಂಡಿಯಲ್ಲಿ ಲ್ಯಾಟಿನೋಗಳು ಹೆಚ್ಚಿರುವುದಕ್ಕೆ ಕಾರಣ ಗೋಜಲಿನದೇನಲ್ಲ. ಕೆಲಸ ಕಲಿತದ್ದು ಅಲ್ಲಿ, ಕಂಪನಿ ಕಟ್ಟಿದ್ದು ಅಲ್ಲಿಂದ. ಹೊಸ ಎಲ್‌ಎಲ್‌ಸಿಗೆ ಹಿಂದಿನ ಮೂರು ವರ್ಷಗಳ ಕ್ಲೇಮ್ ದಾಖಲೆ, ಅಂದರೆ ಲಾಸ್ ರನ್, ಇರುವುದಿಲ್ಲ, ಇಲ್ಲದವರಿಗೆ ಒಳ್ಳೆಯ ಕಂಪನಿಗಳ ಬಾಗಿಲು ತೆರೆಯದು. ಮಾತುಕತೆಯೆಲ್ಲ ಸ್ಪ್ಯಾನಿಷ್‌ನಲ್ಲಿ, ಪಾಲಿಸಿ ಇಂಗ್ಲಿಷ್‌ನಲ್ಲಿ. ಬ್ರೋಕರ್ ಹೋಲಿಸಿ ಹೇಳುವುದು ಬೆಲೆಯನ್ನು ಮಾತ್ರ.

ಬೆಲೆಯ ಲೆಕ್ಕ

ಬಟವಾಡೆಯ ಪ್ರತಿ ಸಾವಿರಕ್ಕೆ 140 ಡಾಲರ್ ದರ ಎಂದಿಟ್ಟುಕೊಳ್ಳಿ. 1,80,000ಕ್ಕೆ 25,200. ತೆರಿಗೆ ಶೇ 3.6, ಅಂದರೆ 907. ಕಾಲು ಭಾಗ ಮುಂಗಡ, ಉಳಿದದ್ದು ಪ್ರೀಮಿಯಂ ಸಾಲ ಕೊಡುವ ಕಂಪನಿಗೆ ಕಂತು. ಕಂತು ತಪ್ಪಿದರೆ ನೋಟಿಸಿನ ಅವಧಿ ಮುಗಿದ ಕೂಡಲೇ ಪಾಲಿಸಿ ರದ್ದು. ಆಗಲೂ ಸರ್ಟಿಫಿಕೇಟ್ ಮಾತ್ರ ಹಳೆಯ ತಾರೀಕು ಹೊತ್ತು ಎಲ್ಲರ ಕಡತದಲ್ಲಿ ನಗುತ್ತಿರುತ್ತದೆ.

ವರ್ಷದ ಕೊನೆಗೆ ಆಡಿಟ್. ಮಾಲೀಕರು ಒಂದು ಕಡೆ 60,000 ಡಾಲರ್ ಕೊಟ್ಟು ವಿಮೆಯಿಲ್ಲದ ಇನ್ನೊಬ್ಬ ಮೇಸ್ತ್ರಿಯ ತಂಡದಿಂದ ಕೆಲಸ ಮಾಡಿಸಿದ್ದರು. ಆ ಮೊತ್ತವೂ ಬಟವಾಡೆಯಂತೆ ಎಣಿಕೆಯಾಗಿ 8,400ರ ಬಿಲ್ಲು ಬಂತು. ದುಡ್ಡು ಕಟ್ಟಿದರೂ ಆ ತಂಡದ ಕೆಲಸಕ್ಕೆ ವಿಮೆ ಸಿಕ್ಕಿತೆಂದಲ್ಲ. ವಾರಂಟಿ ಪುಟದ ಪ್ರಕಾರ ಆ ತಂಡಕ್ಕೆ ಸಮಾನ ಮಿತಿಯ ಪಾಲಿಸಿ, ಲಿಖಿತ ಕರಾರು ಎರಡೂ ಇರಬೇಕಿತ್ತು. ‘ಅವರು ನನ್ನ ನೌಕರರಲ್ಲ, 1099 (ಸ್ವತಂತ್ರ ಕೆಲಸಗಾರರಿಗೆ ಕೊಡುವ ತೆರಿಗೆ ಫಾರಂ) ಕೊಟ್ಟಿದ್ದೇನೆ’ ಎಂಬ ಮಾತೂ ನಡೆಯದು. ಕಟ್ಟಡ ಕೆಲಸದಲ್ಲಿ ಎಲ್ಲರನ್ನೂ ಮೊದಲು ನೌಕರರೆಂದೇ ಭಾವಿಸಬೇಕೆಂದು ರಾಜ್ಯದ 2010ರ ಫೇರ್ ಪ್ಲೇ ಕಾನೂನು ಹೇಳುತ್ತದೆ.

ಏನು ಮಾಡಬಹುದಿತ್ತು, ಈಗ ಏನು ಮಾಡಬಹುದು

ಪಾಲಿಸಿ ಕೊಳ್ಳುವ ಮೊದಲೇ ಕೋಟ್ (ದರಪಟ್ಟಿ) ಜೊತೆ ‘ಫಾರಂಗಳ ಪಟ್ಟಿ’ ಕೇಳಬೇಕು. ಬರೀ ಪಟ್ಟಿಯಲ್ಲ, ಪ್ರತಿ ಎಂಡೋರ್ಸ್‌ಮೆಂಟ್‌ನ ಪೂರ್ತಿ ಪಠ್ಯ. ಮೊದಲು ನೋಡಬೇಕಾದದ್ದು ಕಲಂ ‘ಇ’ಯ ಕೊನೆಯ ವಾಕ್ಯ ಇದೆಯೇ ಎಂದು. ಆಮೇಲೆ ಸಿಜಿ 21 39 ಎಂಬ ಫಾರಂ ಇದೆಯೇ ಎಂದು. ಅದು ಕಲಂ ‘ಇ’ಯನ್ನು ಮುಟ್ಟದೆ ‘ವಿಮೆಗೊಳಪಟ್ಟ ಕರಾರು’ ಎಂಬುದರ ಅರ್ಥವನ್ನೇ ಮೊಟಕು ಮಾಡಿ ಹಿತ್ತಿಲ ಬಾಗಿಲಿನಿಂದ ಅದೇ ಕೆಲಸ ಮಾಡುತ್ತದೆ. ಮೂರನೆಯದಾಗಿ ವರ್ಗದ ಸಂಖ್ಯೆ ಮತ್ತು ಎತ್ತರದ ಮಿತಿ. ಇಷ್ಟು ನೋಡಲು ವಕೀಲರಿಗೆ ಒಂದು ಗಂಟೆ ಸಾಕು, ಇಂಗ್ಲಿಷ್ ಓದುವ ಮನೆಯ ಹೈಸ್ಕೂಲು ಮಗಳೂ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಗುರುತಿಸಬಲ್ಲಳು.

ಬ್ರೋಕರ್‌ಗೆ ಕೇಳುವುದನ್ನು ಬರಹದಲ್ಲೇ ಕೇಳಬೇಕು. ‘ಫುಲ್ ಕವರೇಜ್ ಕೊಡಿ’ ಎನ್ನುವುದು ಬೇಡಿಕೆಯಲ್ಲ. ‘ನನ್ನ ನೌಕರ ಬಿದ್ದು, ಮುಖ್ಯ ಗುತ್ತಿಗೆದಾರ ಕರಾರಿನ ಮೇಲೆ ನನ್ನಿಂದ ವಸೂಲಿಗೆ ಬಂದರೆ ಈ ಪಾಲಿಸಿ ಕೊಡಬೇಕು’ ಎಂಬುದು ಬೇಡಿಕೆ. ಸಲಹೆ ಕೊಡುತ್ತಲೇ ಇರುವ ಹೊಣೆ ನ್ಯೂಯಾರ್ಕ್‌ನ ಬ್ರೋಕರ್‌ಗೆ ಸಾಮಾನ್ಯವಾಗಿ ಇಲ್ಲ, ನಿರ್ದಿಷ್ಟವಾಗಿ ಕೇಳಿದ್ದನ್ನು ತಾರದಿದ್ದರೆ ಮಾತ್ರ ಅವರು ಸಿಕ್ಕಿಬೀಳುತ್ತಾರೆ. ಹಾಗೆ ಕೇಳಿದ್ದಿದ್ದರೆ ‘ಪಾಲಿಸಿ ಕೈಗೆ ಬಂದಿತ್ತು, ನೀನೇ ಓದಲಿಲ್ಲ’ ಎಂಬ ಬ್ರೋಕರನ ವಾದವೊಂದೇ ದಾವೆಯನ್ನು ಮುಗಿಸದು ಎಂದು 2012ರ ತೀರ್ಪು ಹೇಳಿದೆ. ನಮ್ಮ ಪ್ರಕರಣದಲ್ಲಿ ಇದ್ದದ್ದು ವಾಟ್ಸಾಪ್‌ನ ಒಂದು ಫೋಟೋ, ‘ಇಂಥದ್ದು ಬೇಕಂತೆ’ ಎಂಬ ಒಂದು ಸಾಲು. ವಕೀಲರು ಅದನ್ನೇ ಹಿಡಿದು ಬ್ರೋಕರ್ ಮೇಲೆ ಬೇರೆ ದಾವೆ ಹೂಡಿದ್ದಾರೆ. ಫೋಟೋದ ಪುಟದಲ್ಲಿ ನಷ್ಟ ತುಂಬುವ ಕಲಂ ಪೂರ್ತಿ ಕಾಣುತ್ತದೆಯೇ, ಅಂಚಿನಲ್ಲಿ ಕತ್ತರಿಸಿದೆಯೇ ಎಂಬುದರ ಮೇಲೆ ಈಗ ಜಗಳ.

ಮುಖ್ಯ ಗುತ್ತಿಗೆದಾರರೂ ಅಕಾರ್ಡ್ 25ರ ಜೊತೆ ಅಕಾರ್ಡ್ 855 ಕೇಳುವುದು ಒಳ್ಳೆಯದು. ನ್ಯೂಯಾರ್ಕ್ ಕಟ್ಟಡ ಕೆಲಸಕ್ಕೆಂದೇ ಮಾಡಿದ ಆ ಪೂರಕ ನಮೂನೆಯಲ್ಲಿ ಇಂಥ ಹೊರತುಗಳ ಬಗ್ಗೆ ಪ್ರಶ್ನೆಗಳಿವೆ. ಅದನ್ನು ಕೇಳಿದ ಕೂಡಲೇ ಬ್ರೋಕರ್‌ನ ದನಿ ಬದಲಾಗುವುದುಂಟು.

ಕರಾರಿನಲ್ಲಿ ಚೌಕಾಸಿಗೆ ಜಾಗ ಇದೆ. ಇಡೀ ಕಲಂ ತೆಗೆಸಲು ಆಗದು. ‘ನನ್ನ ನಿರ್ಲಕ್ಷ್ಯದಿಂದ ಆದಷ್ಟಕ್ಕೆ’ ಎಂದು ಸೇರಿಸಬಹುದು, ‘ನನ್ನ ವಿಮೆ ನಿಜವಾಗಿ ಕೊಡುವ ಮೊತ್ತದ ಮಿತಿಯೊಳಗೆ’ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ಮುಖ್ಯ ಗುತ್ತಿಗೆದಾರನ ಸ್ವಂತ ನಿರ್ಲಕ್ಷ್ಯದ ಹೊರೆಯನ್ನು ಒಳಗುತ್ತಿಗೆದಾರನ ಮೇಲೆ ಹಾಕುವ ಒಕ್ಕಣೆ ಹೇಗೂ ಕಾನೂನಿನಡಿ ನಿಲ್ಲುವುದಿಲ್ಲ. ಅಪಘಾತ ಆದ ಮೇಲೆ ಬಂದ ಕರಾರಿಗೆ, ಮೇಲೆ ಹಳೆಯ ತಾರೀಕು ಇದ್ದರೆ, ಸಹಿ ಹಾಕಲೇಬಾರದು. ‘ಕಡತಕ್ಕಷ್ಟೇ’ ಎಂದು ತರುತ್ತಾರೆ. ಹಿಂದಿನಿಂದಲೇ ಜಾರಿಯಾಗಬೇಕೆಂಬ ಉದ್ದೇಶ ಇಬ್ಬರಿಗೂ ಇತ್ತೆಂದು ತೋರಿದರೆ ಅಂಥ ಕರಾರನ್ನು ಎತ್ತಿಹಿಡಿದ ತೀರ್ಪುಗಳಿವೆ. 11ನೇ ಕಲಮಿನ ಬೇಲಿ ಆಗ ತಾನಾಗಿ ಬೀಳುತ್ತದೆ.

ಯಾರಾದರೂ ಬಿದ್ದರೆ ಆ ದಿನದ ಕೆಲಸ ಏನು? ಏಣಿಯನ್ನು ಹಾಗೇ ತೆಗೆದಿಡುವುದು, ಕಾಲು, ತಲೆ, ನೆಲದ ಫೋಟೋ ತೆಗೆಯುವುದು. ಕಾಂಪೆನ್ಸೇಶನ್ ವರದಿ ಹತ್ತು ದಿನದೊಳಗೆ ಹೋಗಬೇಕು. ಹೊಣೆಗಾರಿಕೆ ವಿಮೆಯ ಕಂಪನಿಗೂ ಅದೇ ವಾರ ಲಿಖಿತವಾಗಿ ತಿಳಿಸಬೇಕು. ‘ನೌಕರನಲ್ಲವೇ, ಕಾಂಪೆನ್ಸೇಶನ್ ನೋಡಿಕೊಳ್ಳುತ್ತದೆ’ ಎಂದು ಸುಮ್ಮನಿರುವುದೇ ಹೆಚ್ಚಿನವರು ಮಾಡುವ ತಪ್ಪು. 26 ತಿಂಗಳ ನಂತರ ದಾವೆ ಬಂದಾಗ ತಡವಾಗಿ ತಿಳಿಸಿದಿರಿ ಎಂಬ ಎರಡನೆಯ ನಿರಾಕರಣೆ ಸಿದ್ಧವಾಗಿರುತ್ತದೆ.

ನವೀಕರಣದ ಸಮಯಕ್ಕೆ ಮಾಲೀಕರ ಮುಂದೆ ಎರಡು ಕೋಟ್ ಬಂದವು. ಒಂದು 29,000, ಕಲಂ ‘ಇ’ ಕೊನೆಯ ವಾಕ್ಯವಿಲ್ಲದೆ. ಇನ್ನೊಂದು 47,000, ವಾಕ್ಯ ಇದೆ, ಆದರೆ ಅಂಥ ಕ್ಲೇಮ್‌ಗಳಿಗೆ ಪ್ರತ್ಯೇಕ ಮಿತಿ 5 ಲಕ್ಷ, ಡಿಡಕ್ಟಿಬಲ್ 25,000. ತಿಂಗಳ 2,500ರ ಕಂತು ಇನ್ನೂ ಹತ್ತೊಂಬತ್ತು ಬಾಕಿ. ಅವರು ಎರಡನ್ನೂ ಬಿಟ್ಟು ಒಂದು, ಎರಡು ಕುಟುಂಬದ ಮನೆಗಳ ಕೆಲಸವನ್ನಷ್ಟೇ, ನೇರವಾಗಿ ಮನೆಯವರಿಂದಲೇ ಹಿಡಿಯುವುದೆಂದು ಮೂರನೆಯ ಕೋಟ್ ತರಿಸಿದರು: 21,000. ಅದರ ಫಾರಂಗಳ ಪಟ್ಟಿಯಲ್ಲಿ ಇಪ್ಪತ್ತಾರು ಎಂಡೋರ್ಸ್‌ಮೆಂಟ್‌ಗಳಿವೆ. ಅವುಗಳ ಪಠ್ಯ ಇನ್ನೂ ಬಂದಿಲ್ಲ, ಬರುವವರೆಗೆ ಮುಂಗಡ ಕಟ್ಟಿಲ್ಲ.